ಡೊಮೈನ್ ಹೆಸರುಗಳ ಮರುಮಾರಾಟ

ಒಬ್ಬರ ಹೆಸರಿನಲ್ಲಿ ಈಗಾಗಲೇ ನೋಂದಣಿಯಾಗಿರುವ ಅಂತರಜಾಲ ವಿಳಾಸವನ್ನು ಇನ್ನೊಬ್ಬರು ಹಣ ತೆತ್ತು ತಮ್ಮದಾಗಿಸಿಕೊಳ್ಳುವ ವ್ಯವಹಾರವನ್ನು ಡೊಮೈನ್ ಮರುಮಾರಾಟ ಎನ್ನುತ್ತಾರೆ. ಡೊಮೈನ್ ಹೆಸರೆಂದರೆ ಬ್ರೌಸರಿನಲ್ಲಿ ಟೈಪ್ ಮಾಡುವ, ಇಮೇಲ್ ವಿಳಾಸದ ಕೊನೆಯಲ್ಲಿ ಬರುವ ಹೆಸರು. ಒಂದು ಹೆಸರು ಒಂದು ಹೊತ್ತಿಗೆ ಜಗತ್ತಿನಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಯಾರೂ ತೆಗೆದುಕೊಂಡಿರದ ಡಾಟ್ ಕಾಮ್ ಹೆಸರನ್ನು ಹೊಸದಾಗಿ ನೋಂದಾಯಿಸುವಾಗ ಅದು ಎಂಥ ಹೆಸರೆಂಬುದು ದರದ ಲೆಕ್ಕಕ್ಕೆ ಬರುವುದಿಲ್ಲ. ಆ ಹೆಸರುಗಳ ಮೂಲ ದಫ್ತರವನ್ನು ನಡೆಸುವ ಅಮೆರಿಕದ ವೆರಿಸೈನ್ ಕಂಪನಿಯು 2024ರ ಸೆಪ್ಟೆಂಬರಿನಿಂದ ಹೆಸರೊಂದಕ್ಕೆ ವರ್ಷಕ್ಕೆ 10.26 ಡಾಲರ್ ಸಗಟು ಶುಲ್ಕ ಪಡೆಯುತ್ತಿದ್ದು, ಎಲ್ಲರ ಬಾಯಲ್ಲಿರುವ ಪದಕ್ಕೂ ಅರ್ಥವಿಲ್ಲದ ಅಕ್ಷರಗಳ ಸಾಲಿಗೂ ಅದೇ ದರ. ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮವೂ ಎಲ್ಲಕ್ಕೂ ಒಂದೇ ದರ ಎಂಬ ನಿಯಮವೂ ಕೂಡಿ ಈ ಮಾರುಕಟ್ಟೆಯನ್ನು ಹುಟ್ಟುಹಾಕಿವೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ದರದಲ್ಲಿ ಹಂಚಿಕೆಯಾದ ನಿವೇಶನಕ್ಕೆ ಪೇಟೆಯಲ್ಲಿ ಬೇರೆಯೇ ಬೆಲೆ ಇರುವಂತೆ, ನಿಗದಿತ ಶುಲ್ಕಕ್ಕೂ ಹೆಸರಿನ ನಿಜವಾದ ಉಪಯೋಗಕ್ಕೂ ನಡುವೆ ಇರುವ ಅಂತರವೇ ಇಲ್ಲಿನ ಲಾಭ. ಹೆಸರುಗಳನ್ನು ಬಳಸುವುದಕ್ಕಲ್ಲದೆ ಮಾರುವುದಕ್ಕೆಂದೇ ಕೂಡಿಡುವವರನ್ನು ವ್ಯಾಪಾರದ ಭಾಷೆಯಲ್ಲಿ ಡೊಮೈನರ್ ಎಂದು ಕರೆಯುತ್ತಾರೆ.

ಮಾರಾಟವಾಗುವ ವಸ್ತು

ಜಾಲದಲ್ಲಿರುವ ಪ್ರತಿಯೊಂದು ಕಂಪ್ಯೂಟರಿಗೂ ಅಂಕಿಗಳ ಒಂದು ವಿಳಾಸವಿದ್ದು, ಮನುಷ್ಯರು ನೆನಪಿಟ್ಟುಕೊಳ್ಳಬಹುದಾದ ಹೆಸರನ್ನು ಆ ಅಂಕಿಗಳಿಗೆ ಜೋಡಿಸಿಕೊಡುವ ಏರ್ಪಾಟನ್ನು ಡಿಎನ್‌ಎಸ್ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಇದರ ವಿನ್ಯಾಸವನ್ನು ಪ್ರಕಟಿಸುವವರೆಗೆ ಎಲ್ಲ ಹೆಸರುಗಳೂ ಕ್ಯಾಲಿಫೋರ್ನಿಯಾದ ಸಂಶೋಧನಾ ಸಂಸ್ಥೆಯೊಂದು ಇಟ್ಟುಕೊಂಡಿದ್ದ ಒಂದೇ ಒಂದು ಕಡತದಲ್ಲಿದ್ದವು. ಹೊಸ ಏರ್ಪಾಟಿನಲ್ಲಿ ಹೆಸರಿನ ಬಾಲಕ್ಕೆ, ಅಂದರೆ ಡಾಟ್ ಕಾಮ್, ಡಾಟ್ ಇನ್ ಮೊದಲಾದ ಉನ್ನತ ಮಟ್ಟದ ಡೊಮೈನ್‌ಗಳಿಗೆ, ಒಂದೊಂದು ಮೂಲ ದಫ್ತರವಿರುತ್ತದೆ. ಅದನ್ನು ರಿಜಿಸ್ಟ್ರಿ ಎನ್ನುತ್ತಾರೆ. ದಫ್ತರದಲ್ಲಿ ಹೆಸರು ಬರೆಸಿಕೊಡುವ ಚಿಲ್ಲರೆ ಅಂಗಡಿಗಳು ರಿಜಿಸ್ಟ್ರಾರ್‌ಗಳು. 1998ರಲ್ಲಿ ಸ್ಥಾಪನೆಯಾದ ಐಕಾನ್ ಎಂಬ ಸಂಸ್ಥೆ ಡಾಟ್ ಕಾಮ್‌ನಂಥ ಬಾಲಗಳಲ್ಲಿ ಈ ಇಬ್ಬರಿಗೂ ನಿಯಮ ಹಾಕುತ್ತದೆ.

ಡೊಮೈನ್ ಕೊಂಡವರು ವಾಸ್ತವವಾಗಿ ಕೊಳ್ಳುವುದು ದಫ್ತರದ ಒಂದು ಸಾಲಿನಲ್ಲಿ ತಮ್ಮ ಹೆಸರನ್ನು ಬರೆಸಿಕೊಳ್ಳುವ ಹಕ್ಕನ್ನು ಮಾತ್ರ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಸಿಗುವ ಈ ಹಕ್ಕು ಶುಲ್ಕ ಕಟ್ಟುತ್ತ ಹೋದಷ್ಟು ಕಾಲ ಮುಂದುವರಿಯುತ್ತದೆ, ತಪ್ಪಿದರೆ ಬಿಟ್ಟುಹೋಗುತ್ತದೆ. ಇದು ಆಸ್ತಿಯೇ ಅಥವಾ ಬರೀ ಸೇವಾ ಕರಾರೇ ಎಂಬ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯಗಳೇ ಎರಡು ಬಗೆಯ ಉತ್ತರ ಕೊಟ್ಟಿವೆ. ಉಂಬ್ರೊ ಪ್ರಕರಣದಲ್ಲಿ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ, ಡೊಮೈನ್ ಎಂಬುದು ಸೇವಾ ಕರಾರಿನ ಫಲವಾದ್ದರಿಂದ ಸಾಲ ವಸೂಲಿಗಾಗಿ ಅದನ್ನು ಜಪ್ತಿ ಮಾಡಿಸಲು ಬರುವುದಿಲ್ಲವೆಂದಿತು. ಮೂರು ವರ್ಷಗಳ ನಂತರ ಸೆಕ್ಸ್.ಕಾಮ್ ಪ್ರಕರಣದಲ್ಲಿ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಬೇರೆಯೇ ದಾರಿ ಹಿಡಿಯಿತು. ಗ್ಯಾರಿ ಕ್ರೆಮೆನ್ 1994ರಲ್ಲಿ ನೋಂದಾಯಿಸಿದ್ದ ಆ ಹೆಸರನ್ನು ಸ್ಟೀಫನ್ ಕೋಹೆನ್ ಎಂಬಾತ ಮರುವರ್ಷ ಒಂದು ಖೋಟಾ ಪತ್ರದ ಬಲದಿಂದ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ನೋಂದಣಿ ಮಾಡುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಆ ಪತ್ರ ನಿಜವೇ ಎಂದು ಮಾಲೀಕನನ್ನು ಒಂದು ಮಾತು ಕೇಳಿರಲಿಲ್ಲ. 2001ರಲ್ಲಿ ಕೋಹೆನ್ 6.5 ಕೋಟಿ ಡಾಲರ್ ಕೊಡಬೇಕೆಂಬ ತೀರ್ಪು ಬಂತಾದರೂ ಆತ ಮೆಕ್ಸಿಕೊಗೆ ಪರಾರಿಯಾದ್ದರಿಂದ ಕ್ರೆಮೆನ್ ಕಂಪನಿಯ ಮೇಲಿನ ದಾವೆಯನ್ನು ಮುಂದುವರಿಸಿದರು. ಡೊಮೈನ್ ಕೂಡ ಆಸ್ತಿಯೇ ಆಗಿದ್ದು, ಅದನ್ನು ತಪ್ಪು ಕೈಗೆ ಒಪ್ಪಿಸಿದವರು ಹೊಣೆಗಾರರಾಗಬಹುದೆಂದು ನ್ಯಾಯಾಲಯ 2003ರಲ್ಲಿ ತೀರ್ಮಾನಿಸಿತು. ಇಂದು ಹೆಸರುಗಳನ್ನು ಅಡವಿಡುವುದಕ್ಕೆ, ಕಂತಿನ ಮೇಲೆ ಮಾರುವುದಕ್ಕೆ, ಭೋಗ್ಯಕ್ಕೆ ಕೊಡುವುದಕ್ಕೆ ಧೈರ್ಯ ಬಂದಿರುವುದು ಬಹುಮಟ್ಟಿಗೆ ಈ ಎರಡನೆಯ ತೀರ್ಪಿನಿಂದ. ಆದರೂ ಮೊದಲನೆಯ ತೀರ್ಪಿನಲ್ಲಿದ್ದ ಸತ್ಯ ಅಳಿದಿಲ್ಲ. ಎಷ್ಟೇ ಕೋಟಿ ಕೊಟ್ಟು ಕೊಂಡ ಹೆಸರಿಗೂ ವರ್ಷದ ಶುಲ್ಕ ಕಟ್ಟಲೇಬೇಕು.

ಆರಂಭದ ವರ್ಷಗಳು

ಮೊದಲ ಡಾಟ್ ಕಾಮ್ ಹೆಸರು ಸಿಂಬಾಲಿಕ್ಸ್.ಕಾಮ್; ಮ್ಯಾಸಚೂಸೆಟ್ಸಿನ ಕಂಪ್ಯೂಟರ್ ತಯಾರಕ ಕಂಪನಿಯೊಂದು ಅದನ್ನು 1985ರ ಮಾರ್ಚ್ 15ರಂದು ನೋಂದಾಯಿಸಿತು. ಕಂಪನಿ ಮಸುಕಾದ ಮೇಲೆ 2009ರಲ್ಲಿ ಹೆಸರುಗಳ ವ್ಯಾಪಾರಿಯೊಬ್ಬರು ಅದನ್ನು ಕೊಂಡುಕೊಂಡರು. ಹತ್ತು ವರ್ಷಗಳ ಕಾಲ ನೋಂದಣಿ ಪೂರ್ತಿ ಉಚಿತವಾಗಿತ್ತು, ಕೇಳುವವರೂ ಕಡಿಮೆಯಿದ್ದರು. 1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಪತ್ರಕರ್ತ ಅಮೆರಿಕದ ದೊಡ್ಡ ಕಂಪನಿಗಳು ತಮ್ಮ ಹೆಸರನ್ನೇ ಕಾಯ್ದಿರಿಸಿಕೊಂಡಿಲ್ಲವೆಂಬುದನ್ನು ತೋರಿಸಲು ಮ್ಯಾಕ್‌ಡೊನಾಲ್ಡ್ಸ್.ಕಾಮ್ ಅನ್ನು ತಾವೇ ನೋಂದಾಯಿಸಿಕೊಂಡು ವೈರ್ಡ್ ಪತ್ರಿಕೆಯಲ್ಲಿ ಆ ಬಗ್ಗೆ ಬರೆದರು. ಕಂಪನಿ ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಗೆ ಜಾಲ ಸಂಪರ್ಕ ಹಾಕಿಸಲು 3,500 ಡಾಲರ್ ದಾನ ಕೊಟ್ಟ ನಂತರ ಹೆಸರು ಅದರ ಕೈಸೇರಿತು. ಹಣ ಜೇಬಿಗಿಳಿಯದಿದ್ದರೂ, ಹೆಸರಿಗೆ ಬೆಲೆ ಕಟ್ಟಬಹುದೆಂಬ ಸಂಗತಿ ಎಲ್ಲರಿಗೂ ತಿಳಿಯಿತು.

1995ರ ಸೆಪ್ಟೆಂಬರಿನಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎರಡು ವರ್ಷಕ್ಕೆ 100 ಡಾಲರಿನಂತೆ ಶುಲ್ಕ ಹಾಕತೊಡಗಿತು. ಶುಲ್ಕದಿಂದ ನೋಂದಣಿ ಇಳಿಯುವ ಬದಲು ಏರಿತು. ಕೊಟ್ಟ ಹಣಕ್ಕೆ ಪ್ರತಿಫಲ ನಿರೀಕ್ಷಿಸುವ ಜನ ಅಲ್ಲಿಗೆ ಬಂದದ್ದೇ ಆಮೇಲೆ. ಬಿಸಿನೆಸ್.ಕಾಮ್ ಹೆಸರನ್ನು ಮಾರ್ಕ್ ಒಸ್ಟ್ರೋಫ್‌ಸ್ಕಿ 1997ರಲ್ಲಿ 1.5 ಲಕ್ಷ ಡಾಲರಿಗೆ ಕೊಂಡಾಗ ಅದು ಹುಚ್ಚು ಸಾಹಸವೆನಿಸಿತ್ತು. 1999ರಲ್ಲಿ ಅದೇ ಹೆಸರನ್ನು ಅವರು 75 ಲಕ್ಷ ಡಾಲರಿಗೆ ಮಾರಿದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದು, ಹೆಸರು ಕಾಯ್ದಿರಿಸುವ ಒಂದು ಬಗೆಯ ಭೂಕಬಳಿಕೆಗೆ ಚಾಲನೆ ಕೊಟ್ಟಿತು. ಅಂತರಜಾಲ ವ್ಯವಹಾರದ ಹುಳುಕಾದ ಕಂಪನಿಗಳು 2000ದ ನಂತರ ಒಂದರ ಮೇಲೊಂದು ಮುಚ್ಚಿದಾಗ ಲಕ್ಷಾಂತರ ಹೆಸರುಗಳು ನವೀಕರಣವಿಲ್ಲದೆ ಬಿದ್ದುಹೋದವು. ಮುಂದಿನ ದಶಕದ ದೊಡ್ಡ ಡೊಮೈನ್ ಸಾಹುಕಾರರು ತಯಾರಾದದ್ದು ಆ ಕುಸಿತದ ಕಾಲದಲ್ಲಿಯೇ, ಬೇರೆಯವರು ಬಿಟ್ಟುಹೋದದ್ದನ್ನು ಆಯ್ದುಕೊಂಡು.

ಬೆಲೆ ಕಟ್ಟುವ ಬಗೆ

ಹೆಸರಿನ ಬೆಲೆಗೆ ಸಿದ್ಧ ಸೂತ್ರವಿಲ್ಲ. ಚಿಕ್ಕದಾಗಿರುವುದು, ಕೇಳಿದ ಕೂಡಲೆ ಕಾಗುಣಿತ ತಪ್ಪದೆ ಬರೆಯಬಹುದಾದದ್ದು, ಹಣ ಓಡಾಡುವ ಕಸುಬಿಗೆ ಸೇರಿದ್ದು, ಡಾಟ್ ಕಾಮ್ ಬಾಲವುಳ್ಳದ್ದು ಎಂಬ ಲಕ್ಷಣಗಳನ್ನು ಎಲ್ಲರೂ ಒಪ್ಪುತ್ತಾರೆ. ವಿಮೆ, ಸಾಲ, ಪ್ರವಾಸ, ಜೂಜು, ಕಾಮ ಇವುಗಳ ಪದಗಳು ಸದಾ ದುಬಾರಿ, ಏಕೆಂದರೆ ಅಲ್ಲಿ ಒಬ್ಬ ಗಿರಾಕಿಯನ್ನು ಹಿಡಿಯಲು ಕಂಪನಿಗಳು ಜಾಹೀರಾತಿಗೆ ಸುರಿಯುವ ಹಣವೂ ಹೆಚ್ಚು. 2010ರಲ್ಲಿ ಕ್ವಿನ್‌ಸ್ಟ್ರೀಟ್ ಕಂಪನಿಯು ಇನ್ಶೂರೆನ್ಸ್.ಕಾಮ್‌ಗೆ 3.56 ಕೋಟಿ, ಕಾರ್‌ಇನ್ಶೂರೆನ್ಸ್.ಕಾಮ್‌ಗೆ 4.97 ಕೋಟಿ ಡಾಲರ್ ಕೊಟ್ಟಿತು. ಇವುಗಳಲ್ಲಿ ಹೆಸರಿನ ಜೊತೆಗೆ ನಡೆಯುತ್ತಿದ್ದ ವ್ಯವಹಾರವೂ ಸೇರಿದ್ದರಿಂದ ಶುದ್ಧ ಹೆಸರಿನ ಮಾರಾಟಗಳ ಸಾಲಿಗೆ ಇವನ್ನು ಸೇರಿಸುವುದು ಸರಿಯಲ್ಲ. ಬರೀ ಹೆಸರಿಗೆ ಕೊಟ್ಟ ದೊಡ್ಡ ಮೊತ್ತಗಳಲ್ಲಿ ವಾಯ್ಸ್.ಕಾಮ್‌ನದು ಪ್ರಸಿದ್ಧ: ಮೈಕ್ರೋಸ್ಟ್ರಾಟೆಜಿ ಕಂಪನಿ 2019ರಲ್ಲಿ ಅದನ್ನು 3 ಕೋಟಿ ಡಾಲರಿಗೆ ಬ್ಲಾಕ್.ಒನ್ ಕಂಪನಿಗೆ ಮಾರಿತು. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಆ ಮೊತ್ತ ಬಹಿರಂಗವಾಯಿತು. ದೊಡ್ಡ ಮಾರಾಟಗಳಲ್ಲಿ ಬಹುಪಾಲು ಗೋಪ್ಯತೆಯ ಕರಾರಿನೊಳಗೆ ನಡೆಯುವುದರಿಂದ, ಪ್ರಕಟವಾದ ಪಟ್ಟಿಗಳನ್ನು ನೋಡಿ ಪೇಟೆಯ ಮಟ್ಟವನ್ನು ಅಳೆಯುವವರು ಎಚ್ಚರದಿಂದಿರಬೇಕು.

ಕೊಳ್ಳುವವರ ಉದ್ದೇಶವೂ ಬೆಲೆಯನ್ನು ಬದಲಿಸುತ್ತದೆ. ಹೋಮ್‌ಅವೇ ಕಂಪನಿ 2007ರಲ್ಲಿ ವೆಕೇಷನ್‌ರೆಂಟಲ್ಸ್.ಕಾಮ್‌ಗೆ 3.5 ಕೋಟಿ ಡಾಲರ್ ಕೊಟ್ಟದ್ದು ಆ ಹೆಸರು ಪ್ರತಿಸ್ಪರ್ಧಿ ಎಕ್ಸ್‌ಪೀಡಿಯಾದ ಪಾಲಾಗಬಾರದೆಂದು. ಹೀಗೆಂದು ಅದರ ಮುಖ್ಯಸ್ಥರೇ ನಂತರ ಹೇಳಿದರು. ಫೇಸ್‌ಬುಕ್ ತನ್ನ ನೌಕರರ ಇಮೇಲಿಗಾಗಿ ಎರಡಕ್ಷರದ ಎಫ್‌ಬಿ.ಕಾಮ್ ಹೆಸರನ್ನು 2010ರಲ್ಲಿ 85 ಲಕ್ಷ ಡಾಲರಿಗೆ ಕೊಂಡದ್ದು ಅಮೆರಿಕದ ರೈತರ ಸಂಘವಾದ ಫಾರ್ಮ್ ಬ್ಯೂರೋದಿಂದ. ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಆ ಹಣದ ಸಂಗತಿ ಹೊರಬಿತ್ತು. ಟೆಸ್ಲಾ ಕಾರಿನ ಕಂಪನಿ ತನ್ನ ಹೆಸರಿನ ಮುಂದಿದ್ದ ‘ಮೋಟರ್ಸ್’ ಎಂಬ ಪದವನ್ನು ವಿಳಾಸದಿಂದ ಕಳಚಲು ಸುಮಾರು 1.1 ಕೋಟಿ ಡಾಲರ್ ವೆಚ್ಚ ಮಾಡಬೇಕಾಯಿತು. 2023ರಲ್ಲಿ ಹಬ್‌ಸ್ಪಾಟ್ ಕಂಪನಿಯ ಸಹಸಂಸ್ಥಾಪಕ ಧರ್ಮೇಶ್ ಶಾ 1.55 ಕೋಟಿ ಡಾಲರಿಗೆ ಕೊಂಡ ಚಾಟ್.ಕಾಮ್ ಮುಂದೆ ಓಪನ್‌ಎಐ ಕಂಪನಿಯ ಕೈಸೇರಿತು.

ಇವೆಲ್ಲ ಕೊನೆಯ ಬಳಕೆದಾರರು ಕೊಟ್ಟ ಬೆಲೆಗಳು. ವ್ಯಾಪಾರಿಗಳು ತಮ್ಮತಮ್ಮೊಳಗೆ ಕೊಟ್ಟುಕೊಳ್ಳುವ ಸಗಟು ಬೆಲೆ ಇದಕ್ಕಿಂತ ಎಷ್ಟೋ ಪಾಲು ಕೆಳಗಿರುತ್ತದೆ. ಒಂದು ಹೆಸರಿಗೆ ಸರಿಯಾದ ಗಿರಾಕಿ ಒಬ್ಬನೋ ಇಬ್ಬರೋ ಇರುವುದರಿಂದ ಅವನು ಬರುವವರೆಗೆ ವರ್ಷವರ್ಷವೂ ಶುಲ್ಕ ಕಟ್ಟುತ್ತ ಕಾಯಬೇಕು. ಸಂಗ್ರಹದಲ್ಲಿರುವ ನೂರು ಹೆಸರುಗಳಲ್ಲಿ ವರ್ಷಕ್ಕೆ ಒಂದೆರಡು ಮಾರಾಟವಾದರೆ ಸಾಮಾನ್ಯ ಎಂಬುದು ಡೊಮೈನರ್‌ಗಳೇ ಒಪ್ಪುವ ಲೆಕ್ಕ. ಉಳಿದವುಗಳ ಶುಲ್ಕವನ್ನೂ ಆ ಒಂದೆರಡೇ ದುಡಿದು ಕೊಡಬೇಕಾಗುತ್ತದೆ. ರಿಕ್ ಶ್ವಾರ್ಟ್ಜ್ ಎಂಬ ಡೊಮೈನರ್ 1997ರಲ್ಲಿ 42,000 ಡಾಲರಿಗೆ ಕೊಂಡಿದ್ದ ಒಂದು ಹೆಸರು 2015ರಲ್ಲಿ 88 ಲಕ್ಷ ಡಾಲರಿಗೂ ಮಿಗಿಲಾಗಿ ಮಾರಾಟವಾದುದನ್ನು ಎಲ್ಲರೂ ಹೇಳುತ್ತಾರೆ. ನವೀಕರಣದ ಖರ್ಚಿಗೂ ಹುಟ್ಟದೆ ಕೈಬಿಟ್ಟ ಹೆಸರುಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಹೆಸರನ್ನು ಟೈಪ್ ಮಾಡಿದರೆ ತಟ್ಟನೆ ಬೆಲೆ ಹೇಳುವ ಯಂತ್ರಗಳನ್ನು ಹಲವು ರಿಜಿಸ್ಟ್ರಾರ್‌ಗಳು ಇಟ್ಟಿದ್ದಾರಾದರೂ, ಮಾರುವವನ ಮನಸ್ಸಿಗೆ ಹಿತ ಕೊಡುವುದರಾಚೆಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ.

ಅರ್ಥಕ್ಕಿಂತ ವಿರಳತೆಯೇ ಬೆಲೆಯಾದ ಒಂದು ವರ್ಗವೂ ಇದೆ. ಮೂರು ರೋಮನ್ ಅಕ್ಷರಗಳಿಂದ 17,576, ನಾಲ್ಕರಿಂದ 4,56,976 ಹೆಸರುಗಳಷ್ಟೇ ಸಾಧ್ಯ. ಡಾಟ್ ಕಾಮ್‌ನಲ್ಲಿ ಇವೆಲ್ಲವೂ ಎಂದೋ ಮುಗಿದಿವೆ. 2015ರ ಸುಮಾರಿಗೆ ಚೀನಾದ ಹೂಡಿಕೆದಾರರು ಇವುಗಳ ಮೇಲೆ ಮುಗಿಬಿದ್ದರು. ಪಿನ್‌ಯಿನ್ ಲಿಪ್ಯಂತರದಲ್ಲಿ ಪದಗಳ ಮೊದಲಕ್ಷರಗಳಾಗಿ ಬರಲಾರದ ಅಥವಾ ವಿರಳವಾಗಿ ಬರುವ ಸ್ವರಗಳನ್ನೂ ವಿ ಅಕ್ಷರವನ್ನೂ ಬಿಟ್ಟು ಉಳಿದವುಗಳಿಂದಾದ ಹೆಸರುಗಳಿಗೆ ಷೇರಿನಂತೆ ದಿನದ ಧಾರಣೆ ಹುಟ್ಟಿತು. ಅಂಕಿಗಳಿಂದಾದ ಹೆಸರುಗಳಲ್ಲಿ ಎಂಟನ್ನು ಒಳಗೊಂಡವು ಏರಿದವು, ಸಾವಿನ ಪದದೊಡನೆ ಉಚ್ಚಾರ ಹೋಲುವ ನಾಲ್ಕು ಇದ್ದವು ಇಳಿದವು. ಮರುವರ್ಷವೇ ಆ ಜ್ವರ ಇಳಿಯಿತು.

ಭಾರತೀಯ ಭಾಷೆಗಳ ಪದಗಳಿಗೆ ಈ ಪೇಟೆಯಲ್ಲಿ ಬೆಲೆ ಕಡಿಮೆ. ಕನ್ನಡದ ಒಂದೇ ಪದವನ್ನು ದೀರ್ಘಸ್ವರಕ್ಕೋ ಮಹಾಪ್ರಾಣಕ್ಕೋ ಒಬ್ಬೊಬ್ಬರು ಒಂದೊಂದು ರೋಮನ್ ಕಾಗುಣಿತದಲ್ಲಿ ಬರೆಯುವುದರಿಂದ ಊಟ, ಮನೆಯಂಥ ಪದಗಳಿಗೂ ಹಲವು ವಿಳಾಸಗಳು ಸಾಧ್ಯವಾಗಿ, ಒಂದೇ ಹೆಸರಿನ ಏಕಸ್ವಾಮ್ಯ ಯಾರಿಗೂ ದಕ್ಕುವುದಿಲ್ಲ. ಕನ್ನಡ ಲಿಪಿಯಲ್ಲಿಯೇ ಬರೆಯಬಹುದಾದ ಡಾಟ್ ಭಾರತ ವಿಳಾಸಗಳಿಗೂ ಅವಕಾಶವಿದೆ. ಆದರೆ ಬಳಕೆದಾರರು ಬ್ರೌಸರಿನ ವಿಳಾಸಪಟ್ಟಿಯಲ್ಲಿ ರೋಮನ್ ಲಿಪಿಯನ್ನೇ ಟೈಪ್ ಮಾಡುವವರೆಗೆ ಮರುಮಾರಾಟದವರು ಅತ್ತ ತಿರುಗಿ ನೋಡುವ ಸಂಭವ ಕಡಿಮೆ.

ಅವಧಿ ತೀರಿದ ಹೆಸರುಗಳು

ಪೇಟೆಗೆ ಸರಕು ಬರುವ ದೊಡ್ಡ ದಾರಿ ನವೀಕರಣವಾಗದ ಹೆಸರುಗಳದ್ದು. ಡಾಟ್ ಕಾಮ್ ಹೆಸರೊಂದರ ಅವಧಿ ಮುಗಿದ ದಿನದಿಂದ 45 ದಿನಗಳವರೆಗೆ ಅದನ್ನು ಇಟ್ಟುಕೊಳ್ಳಲು ರಿಜಿಸ್ಟ್ರಾರ್‌ಗೆ ಅವಕಾಶವಿದ್ದು, ಮರೆತ ಮಾಲೀಕ ಈ ನಡುವೆ ಬಂದರೆ ಸಾಮಾನ್ಯವಾಗಿ ಹಳೆಯ ದರದಲ್ಲಿಯೇ ಬಿಡಿಸಿಕೊಳ್ಳಬಹುದು. ಆತ ಬಾರದಿದ್ದರೆ ಈಗಿನ ರಿಜಿಸ್ಟ್ರಾರ್‌ಗಳಲ್ಲಿ ಹಲವರು ಆ ಅವಧಿ ಮುಗಿಯುವ ಮೊದಲೇ ಹೆಸರನ್ನು ಹರಾಜಿಗಿಡುತ್ತಾರೆ. ಬೆಲೆಯುಳ್ಳ ಹೆಸರುಗಳು ಬಹುತೇಕ ಇಲ್ಲಿಯೇ ಕೈಬದಲಾಗುತ್ತವೆ. ಹರಾಜಿನಲ್ಲಿ ಹೋಗದ ಹೆಸರು ಅಳಿಸಲ್ಪಟ್ಟು 30 ದಿನಗಳ ವಿಮೋಚನಾ ಅವಧಿಗೆ ಬೀಳುತ್ತದೆ, ಆಗ ಬಿಡಿಸಿಕೊಳ್ಳಲು ದಂಡ ತೆರಬೇಕು. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಅಮೆರಿಕದ ಪೂರ್ವ ತೀರದ ಮಧ್ಯಾಹ್ನ ಸುಮಾರು ಎರಡು ಗಂಟೆಗೆ, ಅಂದರೆ ಬೆಂಗಳೂರಿನ ಮಧ್ಯರಾತ್ರಿಯ ಆಸುಪಾಸಿಗೆ, ಅಂದಿನ ಸರದಿಯ ಹೆಸರುಗಳು ದಫ್ತರದಿಂದ ಉದುರತೊಡಗುತ್ತವೆ.

ಉದುರಿದ ಕ್ಷಣದಲ್ಲಿ ಹಿಡಿಯುವ ಕೆಲಸಕ್ಕೆ ಡ್ರಾಪ್ ಕ್ಯಾಚಿಂಗ್ ಎಂದು ಹೆಸರು. ಇದರಲ್ಲಿ ಮನುಷ್ಯರ ಬೆರಳಿಗೆ ಕೆಲಸವಿಲ್ಲ. ಪ್ರತಿಯೊಬ್ಬ ರಿಜಿಸ್ಟ್ರಾರ್‌ಗೂ ವೆರಿಸೈನ್ ದಫ್ತರದೊಡನೆ ಇಂತಿಷ್ಟೇ ಸಂಪರ್ಕವೆಂಬ ಮಿತಿ ಇರುವುದರಿಂದ, ಹೆಚ್ಚು ಸಂಪರ್ಕ ಬೇಕಾದವರು ಹೆಚ್ಚು ರಿಜಿಸ್ಟ್ರಾರ್‌ಗಳಾಗುವ ಉಪಾಯ ಹುಡುಕಿದರು. ಡ್ರಾಪ್‌ಕ್ಯಾಚ್ ಎಂಬ ಕಂಪನಿಯೊಂದೇ ನೂರಾರು ರಿಜಿಸ್ಟ್ರಾರ್ ಪರವಾನಗಿಗಳನ್ನು ಬೇರೆಬೇರೆ ಸಂಖ್ಯೆಯ ಹೆಸರುಗಳಲ್ಲಿ ಪಡೆದುಕೊಂಡಿತು. ಒಂದೊಂದಕ್ಕೂ ಐಕಾನ್‌ಗೆ ವರ್ಷಕ್ಕೆ 4,000 ಡಾಲರ್ ಕಟ್ಟಬೇಕೆಂಬುದನ್ನು ನೆನೆದರೆ ಆ ಒಂದು ಸೆಕೆಂಡಿನ ಬೆಲೆ ಅರಿವಾಗುತ್ತದೆ. ಐಕಾನ್ ಪಟ್ಟಿಯಲ್ಲಿ ರಿಜಿಸ್ಟ್ರಾರ್‌ಗಳ ಸಂಖ್ಯೆ ಭಾರಿಯಾಗಿ ಕಾಣುವುದಕ್ಕೆ ಇದೂ ಕಾರಣ. ಅವುಗಳಲ್ಲಿ ಅನೇಕಕ್ಕೆ ಗ್ರಾಹಕರೇ ಇಲ್ಲ.

ಮರೆವು ಸಣ್ಣವರಿಗಷ್ಟೇ ಬರುವ ರೋಗವಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್.ಕಾಮ್ ಹೆಸರಿನ 35 ಡಾಲರ್ ಕಟ್ಟಲು ಮರೆತು ಹಾಟ್‌ಮೇಲ್ ಗ್ರಾಹಕರು ಒಳಹೋಗಲಾರದೆ ನಿಂತಾಗ, ಲಿನಕ್ಸ್ ಬಳಸುವ ಪ್ರೋಗ್ರಾಮರ್ ಒಬ್ಬರು ತಮ್ಮ ಕ್ರೆಡಿಟ್ ಕಾರ್ಡಿನಿಂದ ಆ ಹಣ ಕಟ್ಟಿ ಸೇವೆಯನ್ನು ಮತ್ತೆ ನಡೆಸಿದರು. 2015ರಲ್ಲಿ ಗೂಗಲ್‌ನ ಹಳೆಯ ನೌಕರರೊಬ್ಬರು, ಮರೆವಿನಿಂದಲ್ಲದೆ ಬೇರೆ ಎಡವಟ್ಟಿನಿಂದ, ಗೂಗಲ್ ಕಂಪನಿಯದೇ ನೋಂದಣಿ ತಾಣದಲ್ಲಿ ಗೂಗಲ್.ಕಾಮ್ ಅನ್ನು 12 ಡಾಲರಿಗೆ ಕೊಂಡು ಸುಮಾರು ಒಂದು ನಿಮಿಷ ಅದರ ಒಡೆಯರಾಗಿದ್ದರು. ಕಂಪನಿ ಕೊಡಮಾಡಿದ ಬಹುಮಾನವನ್ನು ಅವರು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಉಚಿತ ಶಾಲೆಗಳಿಗೆ ಕೊಡಿಸಿದಾಗ ಗೂಗಲ್ ಆ ಮೊತ್ತವನ್ನು ಇಮ್ಮಡಿ ಮಾಡಿತು.

ಪಾರ್ಕಿಂಗ್ ಆದಾಯ

ಗಿರಾಕಿ ಬರುವವರೆಗೆ ಹೆಸರನ್ನು ಖಾಲಿ ಬಿಡದೆ ಜಾಹೀರಾತಿನ ಕೊಂಡಿಗಳಿರುವ ಪುಟವನ್ನು ಹಾಕಿಡುವುದಕ್ಕೆ ಪಾರ್ಕಿಂಗ್ ಎನ್ನುತ್ತಾರೆ. ಹುಡುಕುತಾಣಗಳು ಇನ್ನೂ ಎಲ್ಲರ ಅಭ್ಯಾಸವಾಗಿರದಿದ್ದ ಕಾಲದಲ್ಲಿ ಜನ ಬೇಕಾದ ವಸ್ತುವಿನ ಹೆಸರಿಗೆ ಡಾಟ್ ಕಾಮ್ ಸೇರಿಸಿ ನೇರವಾಗಿ ಟೈಪ್ ಮಾಡುತ್ತಿದ್ದರು. ಹಾಗೆ ಬಂದವರು ಒತ್ತಿದ ಪ್ರತಿ ಜಾಹೀರಾತಿಗೂ ಮಾಲೀಕನಿಗೆ ಪಾಲು ಸಿಗುತ್ತಿತ್ತು. ಅಮೆರಿಕದ ಮಾರ್ಚೆಕ್ಸ್ ಕಂಪನಿ 2004ರಲ್ಲಿ ಒಬ್ಬನೇ ವ್ಯಾಪಾರಿ ಕೂಡಿಸಿದ್ದ ಲಕ್ಷಕ್ಕೂ ಮೀರಿದ ಹೆಸರುಗಳ ಸಂಗ್ರಹಕ್ಕೆ ಸುಮಾರು 16.4 ಕೋಟಿ ಡಾಲರ್ ಕೊಡಲೊಪ್ಪಿದ್ದು ಈ ಆದಾಯವನ್ನು ನಂಬಿಯೇ. ಮುಂಬಯಿಯ ಡೈರೆಕ್ಟಿ ಬಳಗದ ಸ್ಕೆಂಜೊ ಕೂಡ ಇದೇ ಕಸುಬಿನಲ್ಲಿ ಬೆಳೆದದ್ದು. ವಿಳಾಸಪಟ್ಟಿಯೇ ಹುಡುಕುತಾಣವಾದ ಮೇಲೆ, ಮೊಬೈಲ್ ಆ್ಯಪ್‌ಗಳು ಬಂದ ಮೇಲೆ ಈ ಆದಾಯ ಬತ್ತಿತು.

ಈ ಹಣದ ಆಸೆಯಿಂದಲೇ ಕೆಲವು ಕೊಳಕು ಚಾಳಿಗಳು ಹುಟ್ಟಿದವು. ನೋಂದಾಯಿಸಿದ ಐದು ದಿನಗಳೊಳಗೆ ಹೆಸರು ಬೇಡವೆಂದರೆ ಹಣ ವಾಪಸಾಗುತ್ತಿದ್ದುದನ್ನು ಬಳಸಿಕೊಂಡು ಲಕ್ಷಗಟ್ಟಲೆ ಹೆಸರುಗಳನ್ನು ಪುಕ್ಕಟೆಯಾಗಿ ರುಚಿ ನೋಡಿ, ಜನ ಬಾರದವನ್ನು ಹಿಂದಿರುಗಿಸುವುದು ವಾಡಿಕೆಯಾಯಿತು. 2008ರಲ್ಲಿ ಐಕಾನ್ ಹಿಂದಿರುಗಿಸಿದ ಹೆಸರೊಂದಕ್ಕೆ ಕೇವಲ 20 ಸೆಂಟ್ ಉಳಿಸಿಕೊಳ್ಳತೊಡಗಿ, ಬಳಿಕ ನಿಯಮವನ್ನು ಇನ್ನಷ್ಟು ಬಿಗಿಮಾಡಿದಾಗ ಒಂದು ವರ್ಷದೊಳಗೆ ಅಂಥ ಹಿಂದಿರುಗಿಸುವಿಕೆ ಶೇ. 99.7ರಷ್ಟು ಇಳಿಯಿತು. ಪ್ರಸಿದ್ಧ ಹೆಸರುಗಳ ಕಾಗುಣಿತ ತಪ್ಪುಗಳನ್ನೇ ನೋಂದಾಯಿಸುವ ಟೈಪೋಸ್ಕ್ವಾಟಿಂಗ್ ಇನ್ನೊಂದು. ಮಕ್ಕಳು ಹುಡುಕುವ ಹೆಸರುಗಳ ತಪ್ಪು ರೂಪಗಳಿಂದ ಅಶ್ಲೀಲ ತಾಣಗಳಿಗೆ ಕರೆದೊಯ್ಯುತ್ತಿದ್ದ ಒಬ್ಬ ಅಮೆರಿಕನ್ನನಿಗೆ 2004ರಲ್ಲಿ 30 ತಿಂಗಳ ಸೆರೆಯಾಯಿತು. 2006ರಲ್ಲಿ ಕ್ಯಾಮರೂನ್ ದೇಶದ ಡಾಟ್ ಸಿಎಂ ದಫ್ತರದಲ್ಲಿ ನೋಂದಣಿಯಾಗದ ಹೆಸರುಗಳೆಲ್ಲವೂ ಒಂದು ಜಾಹೀರಾತು ಪುಟಕ್ಕೆ ಹೋಗುವಂತೆ ಮಾಡಿದ್ದಂತೂ ಇಡೀ ದೇಶದ ಬಾಲವನ್ನೇ ಡಾಟ್ ಕಾಮ್‌ನ ಕೈತಪ್ಪಾಗಿ ಬಾಡಿಗೆಗೆ ಕೊಟ್ಟ ಪ್ರಸಂಗ.

ಕೈಬದಲಾವಣೆ

ಮಾರಾಟಕ್ಕಿರುವ ಹೆಸರುಗಳ ಪಟ್ಟಿಯನ್ನು ಇಡುವ ಪೇಟೆಗಳಲ್ಲಿ ಜರ್ಮನಿಯ ಕಲೋನ್ ನಗರದ ಸೆಡೊ, ಈಗ ಗೋಡ್ಯಾಡಿ ಎಂಬ ರಿಜಿಸ್ಟ್ರಾರ್ ಕಂಪನಿಯ ಒಡೆತನದಲ್ಲಿರುವ ಆಫ್ಟರ್ನಿಕ್ ದೊಡ್ಡವು. ಅವುಗಳ ದಲಾಲಿ ಸಾಮಾನ್ಯವಾಗಿ ಶೇ. 15ರಿಂದ 25ರ ನಡುವೆ. ನಿಗದಿತ ಬೆಲೆಗೆ ಕೊಳ್ಳುವುದು, ಬೇಡಿಕೆ ಕಳಿಸಿ ಚೌಕಾಸಿ ಮಾಡುವುದು, ಹರಾಜು, ಕಂತು ಹೀಗೆ ನಾನಾ ಕ್ರಮಗಳಿವೆ. ದೊಡ್ಡ ಕಂಪನಿಗಳು ತಾವೇ ಮುಂದೆ ಬರದೆ ದಲ್ಲಾಳಿಯನ್ನು ಕಳಿಸುತ್ತವೆ, ಕೇಳುವವರು ಯಾರೆಂದು ಗೊತ್ತಾದ ಕೂಡಲೆ ಬೆಲೆಗೆ ಸೊನ್ನೆಗಳು ಸೇರುತ್ತವೆಂಬುದು ಅವುಗಳಿಗೆ ಗೊತ್ತು. 2018ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಖಾಸಗಿತನದ ಕಾನೂನು ಜಾರಿಗೆ ಬಂದಮೇಲೆ ದಫ್ತರದ ಬಹಿರಂಗ ಭಾಗದಲ್ಲಿ ಮಾಲೀಕರ ಹೆಸರು, ವಿಳಾಸ ಕಾಣದಾಗಿ, ಒಡೆಯರನ್ನು ಪತ್ತೆಮಾಡುವುದೇ ಒಂದು ಕೆಲಸವಾಗಿದೆ.

ಬೆಲೆ ಒಪ್ಪಿತವಾದ ಮೇಲೆ ಹಣ ಮೊದಲೋ ಹೆಸರು ಮೊದಲೋ ಎಂಬ ತೊಡಕನ್ನು ಎಸ್ಕ್ರೋ ಬಿಡಿಸುತ್ತದೆ: ಕೊಳ್ಳುವವರು ನಡುವಿನ ಸಂಸ್ಥೆಯೊಂದರಲ್ಲಿ ಹಣವಿಟ್ಟ ಮೇಲೆ ಮಾರುವವರು ಹೆಸರನ್ನು ವರ್ಗಾಯಿಸುತ್ತಾರೆ, ಅದು ತಲುಪಿದ್ದು ಖಚಿತವಾದಾಗ ಹಣ ಬಿಡುಗಡೆಯಾಗುತ್ತದೆ. ವರ್ಗಾವಣೆಗೆ ಹಳೆಯ ರಿಜಿಸ್ಟ್ರಾರ್‌ನಲ್ಲಿ ಬೀಗ ತೆಗೆದು ಗುಪ್ತಸಂಕೇತವೊಂದನ್ನು ಪಡೆದು ಹೊಸ ರಿಜಿಸ್ಟ್ರಾರ್‌ಗೆ ಕೊಡಬೇಕು. ಇಬ್ಬರದೂ ಒಂದೇ ರಿಜಿಸ್ಟ್ರಾರ್ ಆಗಿದ್ದರೆ ಖಾತೆಯಿಂದ ಖಾತೆಗೆ ತಳ್ಳಿದರಾಯಿತು, ಕೆಲವೇ ನಿಮಿಷಗಳ ಕೆಲಸ. ಸುಲಭವಾದ್ದರಿಂದ ಕಳವೂ ಸುಲಭ. ಪ್ರೋಗ್ರಾಮರ್‌ಗಳು ದಶಕಗಳಿಂದ ಬಳಸುತ್ತಿದ್ದ ಪರ್ಲ್.ಕಾಮ್ 2021ರ ಜನವರಿಯಲ್ಲಿ ಕಳವಾಗಿ 1.9 ಲಕ್ಷ ಡಾಲರಿಗೆ ಮಾರಾಟದ ಪಟ್ಟಿಯಲ್ಲಿ ಕಾಣಿಸಿಕೊಂಡಿತ್ತು. ಕೆಲವು ವಾರಗಳಲ್ಲಿ ಅದು ಮೂಲದವರಿಗೆ ಹಿಂದಿರುಗಿತು. ಹರಾಜಿನವರ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2009ರಲ್ಲಿ, ಸ್ನ್ಯಾಪ್‌ನೇಮ್ಸ್ ಕಂಪನಿಯ ಅಧಿಕಾರಿಯೊಬ್ಬ ಸುಳ್ಳು ಹೆಸರಿನಲ್ಲಿ 2005ರಿಂದಲೂ ತನ್ನ ಕಂಪನಿಯ ಹರಾಜುಗಳಲ್ಲೇ ಕೂಗಿ ಬೆಲೆ ಏರಿಸುತ್ತಿದ್ದನೆಂದು ಕಂಪನಿಯೇ ಒಪ್ಪಿಕೊಂಡಾಗ.

ವ್ಯಾಜ್ಯಗಳು

ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಹಣ ಕೀಳುವ ಉದ್ದೇಶದಿಂದ ನೋಂದಾಯಿಸುವುದು ಸೈಬರ್‌ಸ್ಕ್ವಾಟಿಂಗ್. ಸಾಮಾನ್ಯ ಪದವನ್ನು ಮಾರುವುದು ವ್ಯಾಪಾರ, ಬೇರೆಯವರ ಗುರುತನ್ನು ಮಾರುವುದು ಅಪರಾಧದ ನೆರೆಮನೆ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರ ಮೇಲೆಯೇ ಎಲ್ಲ ವ್ಯಾಜ್ಯಗಳೂ ನಿಂತಿವೆ. ಡೆನಿಸ್ ಟೋಪೆನ್ ಎಂಬಾತ ಸಿನಿಮಾ ಕ್ಯಾಮರಾಗಳ ಕಂಪನಿಯಾದ ಪ್ಯಾನಾವಿಷನ್‌ನ ಹೆಸರನ್ನು ನೋಂದಾಯಿಸಿ, ಇಲಿನಾಯ್ ರಾಜ್ಯದ ಪ್ಯಾನಾ ಎಂಬ ಊರಿನ ವೈಮಾನಿಕ ಚಿತ್ರಗಳನ್ನು ಅಲ್ಲಿ ಹಾಕಿ, ಬಿಟ್ಟುಕೊಡಲು 13,000 ಡಾಲರ್ ಕೇಳಿದ. 1998ರ ತೀರ್ಪು ಆತನ ವಿರುದ್ಧ ಹೋಯಿತು. ಮರುವರ್ಷ ಅಮೆರಿಕ ಇದಕ್ಕೆಂದೇ ಕಾಯಿದೆ ಮಾಡಿ ಹೆಸರೊಂದಕ್ಕೆ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ಗೊತ್ತುಮಾಡಿತು. ಅದೇ ವರ್ಷ ಐಕಾನ್ ಯುಡಿಆರ್‌ಪಿ ಎಂಬ ಪಂಚಾಯ್ತಿ ಕ್ರಮವನ್ನು ತಂದಿತು. ಹೆಸರು ತನ್ನ ಗುರುತನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿಯಿಲ್ಲ, ಆತ ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದಾನೆ ಎಂಬ ಮೂರನ್ನೂ ದೂರುದಾರ ಸಾಧಿಸಬೇಕು. ಗೆದ್ದರೆ ಹೆಸರು ಸಿಗುತ್ತದೆ, ಹಣ ಸಿಗುವುದಿಲ್ಲ. ದುರ್ಬಲ ದೂರುಗಳಿಂದ ಹೆಸರು ಕಸಿಯಲು ಯತ್ನಿಸುವ ಕಂಪನಿಗಳೂ ಇದ್ದು, ಅಂಥದ್ದನ್ನು ಪಂಚರು ತಮ್ಮ ತೀರ್ಪಿನಲ್ಲಿ ಅಪಹರಣದ ಯತ್ನವೆಂದು ದಾಖಲಿಸಬಹುದಾದರೂ ಅದಕ್ಕೆ ದಂಡವಿಲ್ಲದಿರುವುದು ಈ ಕ್ರಮದ ದೊಡ್ಡ ಕೊರತೆ. ತಮ್ಮ ಸ್ವಂತ ಮನೆತನದ ಹೆಸರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಉಜಿ ನಿಸ್ಸಾನ್, ಅದೇ ಹೆಸರಿನ ಕಾರು ಕಂಪನಿಯೊಡನೆ ಎಂಟು ವರ್ಷಗಳಷ್ಟು ಕಾಲ ನ್ಯಾಯಾಲಯದಲ್ಲಿ ಹೋರಾಡಿ ನಿಸ್ಸಾನ್.ಕಾಮ್ ಉಳಿಸಿಕೊಂಡರು, 2020ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಮಾರಲಿಲ್ಲ.

ಭಾರತದಲ್ಲಿ ಇದಕ್ಕೆಂದೇ ಕಾಯಿದೆ ಇಲ್ಲ. 1999ರಲ್ಲಿ ಯಾಹೂ ಕಂಪನಿಯ ಪರವಾಗಿ ದೆಹಲಿ ಹೈಕೋರ್ಟ್ ಕೊಟ್ಟ ತಡೆಯಾಜ್ಞೆಯಿಂದ ದಾರಿ ತೆರೆಯಿತಾದರೂ, ತತ್ವ ಗಟ್ಟಿಯಾಗಿ ನಿಂತದ್ದು ಬೆಂಗಳೂರಿನಲ್ಲಿ ಹುಟ್ಟಿದ ಮೊಕದ್ದಮೆಯಿಂದ. ಸತ್ಯಂ ಇನ್ಫೋವೇ ಕಂಪನಿಯು ತನ್ನ ಹೆಸರಿನ ತುಣುಕುಗಳಿಂದ ಮಾಡಿಕೊಂಡ ‘ಸಿಫಿ’ ಎಂಬ ಪದದಿಂದ ಶುರುವಾಗುವ ಹಲವು ಡೊಮೈನ್‌ಗಳನ್ನು 1999ರಲ್ಲಿ ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಅದೇ ಪದಕ್ಕೆ ಒಂದು ‘ಎಫ್’ ಹೆಚ್ಚು ಹಾಕಿದ ವಿಳಾಸಗಳಲ್ಲಿ ವ್ಯವಹಾರ ಆರಂಭಿಸಿ, ಅದು ತನ್ನ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆದದ್ದೆಂದು ವಾದಿಸಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಕೊಟ್ಟ ತಡೆಯಾಜ್ಞೆಯನ್ನು ಕರ್ನಾಟಕ ಹೈಕೋರ್ಟ್, ಇಬ್ಬರ ಕಸುಬೂ ಬೇರೆಯಾದ್ದರಿಂದ ಗ್ರಾಹಕರು ಮೋಸಹೋಗುವ ಸಂಭವವಿಲ್ಲವೆಂದು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮರಳಿ ಸ್ಥಾಪಿಸಿ, ಡೊಮೈನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದಾದ್ದರಿಂದ ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಅದಕ್ಕೂ ಸಲ್ಲುತ್ತದೆಂದಿತು. ಅಂತರಜಾಲದಲ್ಲಿ ಹುಡುಕುವವರು ಒಂದಕ್ಷರದ ವ್ಯತ್ಯಾಸವನ್ನು ಗಮನಿಸುವುದಿಲ್ಲವೆಂಬ ಅದರ ವಿವೇಚನೆಯನ್ನು ನಂತರದ ತೀರ್ಪುಗಳು ಮತ್ತೆಮತ್ತೆ ಆಧರಿಸಿವೆ. 2005ರಲ್ಲಿ ಡಾಟ್ ಇನ್ ಎಲ್ಲರಿಗೂ ತೆರೆದಾಗ ಆ ಬಾಲದ ದಫ್ತರ ನಡೆಸುವ ನಿಕ್ಸಿ ಸಂಸ್ಥೆ ಅದಕ್ಕಾಗಿ ಐಎನ್‌ಡಿಆರ್‌ಪಿ ಎಂಬ ಪ್ರತ್ಯೇಕ ಪಂಚಾಯ್ತಿ ಕ್ರಮ ಮಾಡಿತು. ದುರುದ್ದೇಶದ ನೋಂದಣಿ ಮತ್ತು ಬಳಕೆ ಎರಡನ್ನೂ ತೋರಿಸಬೇಕೆಂಬ ಯುಡಿಆರ್‌ಪಿ ಷರತ್ತಿನ ಬದಲು ಇಲ್ಲಿ ಯಾವುದಾದರೊಂದನ್ನು ತೋರಿಸಿದರೆ ಸಾಕು.

ವ್ಯಾಜ್ಯದವರೆಗೆ ಹೋಗದೆ ಮುಗಿಯುವವೂ ಉಂಟು. ರಿಲಯನ್ಸ್ ಮತ್ತು ಡಿಸ್ನಿಯ ಭಾರತೀಯ ವ್ಯವಹಾರಗಳು ಒಂದಾಗುವ ಮೊದಲೇ ಜಿಯೋಹಾಟ್‌ಸ್ಟಾರ್.ಕಾಮ್ ನೋಂದಾಯಿಸಿಕೊಂಡಿದ್ದ ದೆಹಲಿಯ ಯುವ ತಂತ್ರಜ್ಞನೊಬ್ಬ 2024ರ ಅಕ್ಟೋಬರಿನಲ್ಲಿ ಅದೇ ವಿಳಾಸದಲ್ಲಿ ಒಂದು ಪತ್ರ ಹಾಕಿ, ಕೇಂಬ್ರಿಜ್‌ನಲ್ಲಿ ಓದುವ ಖರ್ಚು ಕೊಟ್ಟರೆ ಹೆಸರು ಬಿಟ್ಟುಕೊಡುವುದಾಗಿ ಕೇಳಿದ. ಬೇಡಿಕೆ ಈಡೇರಲಿಲ್ಲ, ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಗಿ, ಅವರು ಹಣ ಕೇಳದೆ ಕಂಪನಿಗೆ ಕೊಡುವುದಾಗಿ ಹೇಳಿದರು.

ಹೊಸ ಬಾಲಗಳು

ಡಾಟ್ ಕಾಮ್ ಒಂದೇ ಆಗಿದ್ದರೆ ಹೆಸರಿನ ಬರ ಎಂದಿಗೂ ತೀರದೆಂದು ಐಕಾನ್ 2012ರಲ್ಲಿ ಹೊಸ ಬಾಲಗಳಿಗೆ ಅರ್ಜಿ ಕರೆದಾಗ, ಒಂದೊಂದಕ್ಕೆ 1,85,000 ಡಾಲರ್ ಶುಲ್ಕವಿದ್ದರೂ 1,930 ಅರ್ಜಿಗಳು ಬಂದವು. ಹೊಸ ರಿಜಿಸ್ಟ್ರಿಗಳು ಹಳೆಯ ಪಾಠ ಕಲಿತಿದ್ದವು: ಒಳ್ಳೆಯ ಪದಗಳನ್ನು ಸಾಮಾನ್ಯ ದರಕ್ಕೆ ಬಿಡದೆ ಪ್ರೀಮಿಯಂ ಎಂದು ಗುರುತಿಸಿ, ಮರುಮಾರಾಟಗಾರರಿಗೆ ಹೋಗಬಹುದಾಗಿದ್ದ ಲಾಭವನ್ನು ತಾವೇ ಮೊದಲಿಗೇ ತೆಗೆದುಕೊಂಡವು. ಹೀಗಾಗಿ ಈ ಬಾಲಗಳಲ್ಲಿ ವ್ಯಾಪಾರಿಗಳಿಗೆ ಹೆಚ್ಚು ದಕ್ಕಲಿಲ್ಲ.

ಅನಿರೀಕ್ಷಿತ ಲಾಭ ಬಂದದ್ದು ದೇಶಗಳ ಎರಡಕ್ಷರದ ಸಂಕೇತಗಳಿಂದ. ಪೆಸಿಫಿಕ್ ದ್ವೀಪರಾಷ್ಟ್ರ ತುವಾಲು ಡಾಟ್ ಟಿವಿಯನ್ನು ಗುತ್ತಿಗೆ ಕೊಟ್ಟು ಬಂದ ಹಣದ ನೆರವಿನಿಂದ 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಕೆರಿಬಿಯನ್ನಿನ ಅಂಗ್ವಿಲಾಕ್ಕೆ ಡಾಟ್ ಎಐ ನೋಂದಣಿಗಳಿಂದ 2023ರಲ್ಲಿ ಬಂದದ್ದು ಸುಮಾರು 3.2 ಕೋಟಿ ಅಮೆರಿಕನ್ ಡಾಲರ್, ಸರ್ಕಾರದ ಆದಾಯದ ಐದನೆಯ ಒಂದು ಪಾಲಿಗೂ ಮಿಗಿಲು. ಆ ಬಾಲದ ಮರುಮಾರಾಟವೂ ಅದೇ ವೇಗದಲ್ಲಿ ಬೆಳೆಯಿತು. ತಂತ್ರಜ್ಞಾನ ಕಂಪನಿಗಳು ಇಷ್ಟಪಡುವ ಡಾಟ್ ಐಓ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಸಂಕೇತ. ಆ ಪ್ರದೇಶದ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿದಾಗ, ಪ್ರದೇಶವೇ ಇಲ್ಲವಾದರೆ ಸಂಕೇತದ ಗತಿಯೇನೆಂಬ ಪ್ರಶ್ನೆ ಹೂಡಿಕೆದಾರರಲ್ಲಿ ಎದ್ದಿತು. ಅಂತರರಾಷ್ಟ್ರೀಯ ಸಂಕೇತಪಟ್ಟಿಯಿಂದ ಬಿದ್ದುಹೋದ ದೇಶದ ಬಾಲವನ್ನು ಕೆಲವು ವರ್ಷಗಳ ಅವಧಿ ಕೊಟ್ಟು ತೆಗೆದುಹಾಕುವುದು ನಿಯಮ. ಯುಗೊಸ್ಲಾವಿಯಾದ ಡಾಟ್ ವೈಯು ಹೀಗೆ 2010ರಲ್ಲಿ ಬಾಲಗಳ ಮೂಲ ಪಟ್ಟಿಯಿಂದಲೇ ಅಳಿದು, ಅದರಡಿ ಉಳಿದಿದ್ದ ಹೆಸರುಗಳೆಲ್ಲವೂ ಒಟ್ಟಿಗೆ ಇಲ್ಲವಾದವು. 1991ರಲ್ಲಿ ದೇಶವೇ ಮುಗಿದ ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಮಾತ್ರ ಅದಾಗಿ ಮೂರು ದಶಕಗಳ ನಂತರವೂ ನೋಂದಣಿಗೆ ತೆರೆದಿತ್ತು.